ಅಣ್ಣಿಗೇರಿಯಲ್ಲಿ ಒಂದು ರಾತ್ರಿ ಯಾಕಿಲ್ಲ?

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ರಿಲೀಸು, ಬಗ್ಗು, ರಾತ್ರಿ ಹನ್ನೊಂದಕ್ಕೆ ಮೀಟಿಂಗು ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಇವತ್ತು ಭಾನುವಾರ, ಕರೆಂಟೂ ಇದೆ, ಈಕೆ ತವರಿಗೆ ಹೋಗಿದ್ದಾಳೆ. ಹಾಗಾಗಿ ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :)

ವಿಷಯ ಏನಪ್ಪಾ ಅಂದ್ರೆ, ಬೆನ್ನಿಗೊಂದು ಚೀಲ ಏರಿಸಿಕೊಂಡು ಗಂಡ ಹೆಂಡತಿ ಇಬ್ಬರೇ ಊರೂರು ತಿರುಗೋದು. ನಮ್ಮ ಆಫೀಸಿನಲ್ಲಿ ಈಗ ಇದೇ ಹುಚ್ಚು. ಟೀಮಿನ ಒಬ್ಬ ಹೆಂಡತಿ ಜೊತೆ ಮೂರು ವಾರ ಮಧ್ಯ ಅಮೆರಿಕ ಸುತ್ತಿ ಬಂದ. ಕಾಡಿನ ಮೇಲೆ ತಲೆ ಎತ್ತಿ ನಿಂತ ತಿಕಾಲ್‌ನ ಗುಡಿಗಳು, ಮೆಟ್ಟಿಲು ಮೆಟ್ಟಿಲಿಗೂ ಅಕ್ಷರ ಕೆತ್ತಿದ ಕೋಪಾನ್, ಬೆಲೀಜ್‌ನ ತಿಳಿನೀಲಿ ನೀರು, ಎಲ್ ಸಾಲ್ವಡಾರ್‌ನ ಕಪ್ಪು ಮರಳಿನ ದಂಡೆ... ಫೋಟೋ ತೋರಿಸ್ತಾ ಹೋದ. ಎಲ್ಲರೂ ಗುಡಿ ನೋಡಿದ್ರು, ಸಮುದ್ರ ನೋಡಿದ್ರು. ನನಗೆ ಮಾತ್ರ ಕಣ್ಣು ಬಿದ್ದದ್ದು ಒಂದು ಹಾಸಿಗೆ ಮೇಲೆ. ಸಣ್ಣ ಕೋಣೆ, ಬಣ್ಣದ ಹೊದಿಕೆ, ಮೂಲೆಯಲ್ಲಿ ಒಂದು ಫ್ಯಾನು. "ಇದು ಯಾವ ಹೋಟೆಲು?" ಅಂತ ಕೇಳಿದ್ರೆ, "ಹೋಟೆಲ್ ಅಲ್ಲ ಮಾರಾಯ, ಒಬ್ಬ ಅಜ್ಜಿ ಮನೆ. ಬೆಳಿಗ್ಗೆ ಅವಳೇ ರೊಟ್ಟಿ, ಹುರುಳಿ ಮಾಡಿ ಕೊಟ್ಲು" ಅಂದ.

ಅವತ್ತಿಂದ ಈ ಹಾಸಿಗೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ವಾದ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋರು ಆಡಬಹುದು. ನಮ್ಮ ಧಾರವಾಡ ಜಿಲ್ಲೆಯ ಅಣ್ಣಿಗೇರಿ, ಕುಂದಗೋಳ, ನವಲಗುಂದ, ಕಲಘಟಗಿಯಲ್ಲಿ ನೋಡೋಕೆ ಏನೂ ಕಮ್ಮಿ ಇಲ್ಲ. ಹೋಗೋಕೆ ಬಸ್ಸೂ ಕಮ್ಮಿ ಇಲ್ಲ. ಅಲ್ಲಿ ಇಲ್ಲದ್ದು ರಾತ್ರಿ. ಬಂದ ಇಬ್ಬರು ಮಲಗೋಕೆ ಒಂದು ಹಾಸಿಗೆ, ಬೆಳಿಗ್ಗೆ ಎದ್ದರೆ ಒಂದು ಬಾತ್‌ರೂಮು. ಅದಿಲ್ಲದೆ ಉಳಿದ ಯಾವ "ಪ್ರವಾಸೋದ್ಯಮ ಅಭಿವೃದ್ಧಿ"ಯೂ ಉಪಯೋಗಕ್ಕೆ ಬರಲ್ಲ.

*

ಕಳೆದ ಜನವರಿಯಲ್ಲಿ ಸಂಕ್ರಾಂತಿ ಹಬ್ಬದ ಜೊತೆ ಒಂದಿಷ್ಟು ಲೀವು ಸೇರಿಸಿ ನಾವಿಬ್ಬರೂ ಹೊರಟ್ವಿ. ನಾನು ನವಲಗುಂದ ತಾಲ್ಲೂಕಿನ ಹಳ್ಳಿಯವನು. ಈಕೆ ತುಮಕೂರು ಕಡೆಯವಳು, ಯರಿ ಹೊಲ ಅಂದ್ರೆ ಏನು ಅಂತ ಮದುವೆ ಆದಮೇಲೇ ನೋಡಿದ್ದು. ಎರಡು ಚೀಲ, ಎರಡೆರಡು ಜೊತೆ ಬಟ್ಟೆ, ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ. ಹುಬ್ಬಳ್ಳಿಯಿಂದ ಶುರು ಮಾಡಿ ಬಯಲು ಸುತ್ತಿ, ಕಲಘಟಗಿ ಮೇಲೆ ಹಾದು, ಘಟ್ಟ ಇಳಿದು ಸಮುದ್ರ ಮುಟ್ಟೋದು ಅನ್ನೋದು ಪ್ಲಾನು. ಪೂರ್ತಿ ಕೆಂಪು ಬಸ್ಸು ಮತ್ತು ಪ್ಯಾಸೆಂಜರ್ ರೈಲು. 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆಯಲ್ಲಿ ಈಕೆಗೆ ಬಸ್ಸಿನಲ್ಲಿ ಎಲ್ಲೆಲ್ಲೂ ಶೂನ್ಯದ ಚೀಟಿ. ದುಡ್ಡು ಕೊಟ್ಟು ಪ್ರಯಾಣ ಮಾಡಿದವನು ನಾನೊಬ್ಬನೇ!

ಮೊದಲು ಅಣ್ಣಿಗೇರಿ. ಹುಬ್ಬಳ್ಳಿ-ಗದಗ ರೈಲು ದಾರಿಯಲ್ಲಿ ಸಿಗೋ ಊರು. ಸಣ್ಣವನಿದ್ದಾಗ ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ, ಕಿಟಕಿಯಿಂದ ಊರಿನ ಹೆಸರಿನ ಹಳದಿ ಬೋರ್ಡು ನೋಡಿದ್ದೇ ನೋಡಿದ್ದು. ಅಮೃತೇಶ್ವರ ಗುಡಿ ಊರೊಳಗೇ ಇದೆ. ಹನ್ನೊಂದನೇ ಶತಮಾನದ್ದು, 1050ರ ಸುಮಾರಿಗೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಟ್ಟಿದ್ದು ಅಂತಾರೆ. 76 ಕಂಬ ಅಂತ ಓದಿದ್ವಿ. ಎಣಿಸೋಕೆ ಶುರು ಮಾಡಿ, ಮಧ್ಯದಲ್ಲಿ ಜಗಳ ಬಿದ್ದು ಬಿಟ್ಟುಬಿಟ್ವಿ.

ಈ ಗುಡಿಯ ನಿಜವಾದ ಮಹಿಮೆ ಅದರ ಕಲ್ಲಿನಲ್ಲಿದೆ. ಬಾದಾಮಿ, ಪಟ್ಟದಕಲ್ಲಿನ ಗುಡಿಗಳೆಲ್ಲ ಮರಳುಗಲ್ಲು. ಅದರಲ್ಲಿ ತೀರಾ ಸಣ್ಣ ಕುಸುರಿ ಮಾಡೋದು ಕಷ್ಟ. ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಕೈ ಹಾಕಿದ ಮೊದಮೊದಲ ಗುಡಿಗಳಲ್ಲಿ ಅಣ್ಣಿಗೇರಿಯದು ಒಂದು. ಕೆತ್ತುವಾಗ ಮೆತ್ತಗೆ ಬರ್ತದೆ, ಆಮೇಲೆ ಗಾಳಿಗೆ ಗಟ್ಟಿ ಆಗ್ತದೆ. ಲಕ್ಕುಂಡಿ, ಇಟಗಿಯಲ್ಲಿ ನೋಡಿ ಬಾಯಿ ಬಿಡ್ತೀವಲ್ಲ ಆ ಕುಸುರಿ, ಅದಕ್ಕಿಂತ ಮುಂದೆ ಬೇಲೂರು, ಹಳೇಬೀಡು, ಎಲ್ಲದರ ಹಿಂದೆಯೂ ಈ ಕಲ್ಲು ಬದಲಾಯಿಸಿದ ತೀರ್ಮಾನ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪೂರ್ತಿ ಪ್ಲಾಟ್‌ಫಾರ್ಮೇ ಬದಲಾಯಿಸಿಬಿಟ್ರು :)

ಇನ್ನೊಂದು ಲೆಕ್ಕ ಹೇಳ್ತೀನಿ. ತಿಕಾಲ್‌ನಲ್ಲಿ ಕಾಲ ಕೆತ್ತಿದ ಕೊನೆಯ ಕಲ್ಲು 869ರದ್ದು. ಆಮೇಲೆ ಆ ಊರು ಖಾಲಿ ಆಗ್ತಾ ಹೋಯ್ತು. ನಮ್ಮ ಪಂಪ ಭಾರತ ಬರೆದದ್ದು 941ರ ಸುಮಾರಿಗೆ. ಆ ಪಂಪನ ತಾಯಿಯ ತವರು ಇದೇ ಅಣ್ಣಿಗೇರಿ. ಅಂದ್ರೆ ತಿಕಾಲ್‌ನಲ್ಲಿ ಅಕ್ಷರ ಕೆತ್ತೋ ಕೈ ನಿಂತು ಎಪ್ಪತ್ತು ಚಿಲ್ಲರೆ ವರ್ಷಕ್ಕೆ ನಮ್ಮ ಕಡೆ ಆದಿಕವಿಯ ಕೈ ಕಾವ್ಯ ಬರೀತಿತ್ತು. ಎರಡೂ ಊರಿಗೆ ಎಷ್ಟು ಜನ ಬ್ಯಾಕ್‌ಪ್ಯಾಕ್ ಹಾಕಿಕೊಂಡು ಹೋಗ್ತಾರೆ ಅಂತ ನೀವೇ ಯೋಚಿಸಿ.

ಗುಡಿಯ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕಿದ್ರು.

"ಯಾವೂರಾತ್ರಿ ನಿಮ್ದು?"

ಹೇಳಿದೆ.

"ಹರಕಿ ಏನರ ಇತ್ತೇನ್ರಿ?"

"ಇಲ್ರೀ ಕಾಕಾರ, ಸುಮ್ನ ನೋಡಾಕ ಬಂದೇವಿ."

"ಸುಮ್ನ?" ಅಂತ ಒಂದು ಸಲ ಈಕೆ ಮುಖ ನೋಡಿದ್ರು, ಒಂದು ಸಲ ಚೀಲ ನೋಡಿದ್ರು. ಆಮೇಲೆ ಬಹಳ ಕಾಳಜಿಯಿಂದ ಅಂದ್ರು, "ಹೊತ್ತು ಮುಳುಗಾಕ ಬಂತ್ರಿ. ಹುಬ್ಬಳ್ಳಿಗೆ ಹೋಗಿಬಿಡ್ರಿ, ಅಲ್ಲಿ ಲಾಡ್ಜ್ ಸಿಗ್ತಾವ. ಹೆಣ್ಮಗಳನ್ನ ಕರ್ಕೊಂಡು ಇಲ್ಲೆಲ್ಲಿ ಇರ್ತೀರಿ?"

ಅವರ ಮಾತಿನಲ್ಲಿ ತಪ್ಪೇನಿಲ್ಲ, ಪ್ರೀತಿಯಿಂದಲೇ ಹೇಳಿದ್ದು. ಚಹಾ ಕುಡಿಸಿ ಕಳಿಸಿದ್ರು. ಆದರೆ ಸಾಯಂಕಾಲದ ಬೆಳಕು ಆ ಕರಿ ಕಲ್ಲಿನ ಮೇಲೆ ಬೀಳೋ ಹೊತ್ತಿಗೆ ನಾವು ಬಸ್‌ಸ್ಟ್ಯಾಂಡಿಗೆ ಓಡ್ತಾ ಇದ್ವಿ. ಹೀಗೆ ಮೂರು ದಿನ. ಬೆಳಿಗ್ಗೆ ಹೋಗೋದು, ಸಂಜೆ ಹುಬ್ಬಳ್ಳಿಯ ಅಣ್ಣನ ಮನೆಗೆ ವಾಪಸು. ಎರಡನೇ ದಿನ ಈಕೆ ಅಂದಳು, "ಇದು ಟ್ರಿಪ್ಪೋ ಇಲ್ಲಾ ಆಫೀಸಿಗೆ ಹೋಗಿ ಬರೋದೋ? ಟಿಫನ್ ಡಬ್ಬಿ ಬೇರೆ ಇದೆ."

*

ಕುಂದಗೋಳಕ್ಕೆ ರೈಲಿನಲ್ಲಿ ಹೋದ್ವಿ. ಬೇಕಂತಲೇ. ಯಾಕಂದ್ರೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಇದೇ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಹತ್ತಿರ ಪಾಠ ಕಲಿತು ಮತ್ತೆ ರೈಲಿನಲ್ಲೇ ವಾಪಸು ಹೋಗ್ತಿದ್ದರು. ಹಾಡೋ ಹೆಣ್ಣುಮಗಳು ಅಂದ್ರೆ ಜನ ಬಾಯಿಗೆ ಬಂದದ್ದು ಆಡ್ತಿದ್ದ ಕಾಲ ಅದು. ಇಪ್ಪತ್ತು ಕಿಲೋಮೀಟರ್ ದಾರಿ ಈಗ ನಮಗೆ ಏನೂ ಅಲ್ಲ. ಅವರಿಗೆ ಅದು ದೊಡ್ಡ ಯಾತ್ರೆಯೇ ಆಗಿರಬೇಕು.

ಇನ್ನು ಭೀಮಸೇನ ಜೋಶಿ. 1933ರಲ್ಲಿ, ಹನ್ನೊಂದು ವರ್ಷದ ಹುಡುಗ, ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ರೈಲು ಹತ್ತಿದವರು. ಟಿಕೆಟ್ಟಿಲ್ಲ, ದುಡ್ಡಿಲ್ಲ, ಹಾಡೇ ದುಡ್ಡು. ಗ್ವಾಲಿಯರ್ ಸುತ್ತಿದ್ರು, ಜಲಂಧರದವರೆಗೂ ಹೋದ್ರು. ಅಷ್ಟು ದೂರ ಹೋದಮೇಲೆ ಅಲ್ಲಿ ವಿನಾಯಕರಾವ್ ಪಟವರ್ಧನ್ ಹೇಳಿದ್ದೇನು ಅಂದ್ರೆ, ನಿಮ್ಮೂರ ಹತ್ತಿರವೇ ಸವಾಯಿ ಗಂಧರ್ವರು ಇದ್ದಾರಲ್ಲ, ಅವರ ಹತ್ತಿರ ಹೋಗು ಅಂತ. 1936ರಲ್ಲಿ ಕುಂದಗೋಳಕ್ಕೆ ಬಂದ್ರು. ಗುರುವಿನ ಮನೆಯಲ್ಲೇ ಉಳಿದ್ರು, ನೀರು ಹೊತ್ತರು, ಕಲಿತರು.

ಈ ಕತೆಯನ್ನ "ಹಿತ್ತಲ ಗಿಡ ಮದ್ದಲ್ಲ" ಅನ್ನೋ ಗಾದೆಗೆ ಉದಾಹರಣೆ ಅಂತ ಹೇಳ್ತಾರೆ. ನಾನು ಹಾಗೆ ನೋಡಲ್ಲ. ದೂರ ಹೋದದ್ದು ದಂಡ ಆಗಲಿಲ್ಲ. ಜಲಂಧರಕ್ಕೆ ಹೋಗಿದ್ದಕ್ಕೇ ಕುಂದಗೋಳ ಗೊತ್ತಾಯ್ತು. ಅದಕ್ಕೇ "ಗ್ವಾಟೆಮಾಲಾಗೆ ಯಾಕೆ ಹೋಗ್ತೀರಿ, ನಮ್ಮಲ್ಲೇ ಇಲ್ವಾ?" ಅಂತ ಹೀಗಳೆಯೋರ ಗುಂಪಿಗೆ ನಾನು ಸೇರಲ್ಲ. ಹೋಗಲಿ, ದುಡ್ಡಿದ್ದೋರು ಹೋಗಲಿ. ಹೋಗಿ ಬಂದೋರು ಅಲ್ಲಿ ಹೇಗೆ ಮಲಗಿದ್ರು, ಏನು ತಿಂದ್ರು, ಯಾರಿಗೆ ದುಡ್ಡು ಕೊಟ್ರು ಅಂತ ಇಲ್ಲಿ ಬಂದು ಹೇಳಲಿ. ಇನ್ನೊಂದು ಮಾತು ಗಮನಿಸಿ. ಭೀಮಸೇನರು ಕುಂದಗೋಳ "ನೋಡಿ" ಹೋದವರಲ್ಲ, ಅಲ್ಲಿ ಉಳಿದವರು. ಕಲಿಕೆ ಆದದ್ದು ಉಳಿದದ್ದರಿಂದ.

ನಾವು ನಾಡಿಗೇರ ವಾಡೆ ಮುಂದೆ ನಿಂತ್ವಿ, ಚಾಲುಕ್ಯರ ಕಾಲದ ಶಂಭುಲಿಂಗ ದೇವಸ್ಥಾನ ನೋಡಿದ್ವಿ, ಒಂದು ಗಾಡಿಯಲ್ಲಿ ಗಿರಮಿಟ್ಟು, ಮಿರ್ಚಿ ತಿಂದ್ವಿ. ನಾಲ್ಕೂವರೆಗೆ ಮತ್ತೆ ಹುಬ್ಬಳ್ಳಿ ಕಡೆ ಮುಖ.

ಮೂರನೇ ದಿನ ನವಲಗುಂದ. ನಮ್ಮದೇ ತಾಲ್ಲೂಕು ಆದ್ದರಿಂದ ಉದ್ದ ಬರೀತಾ ಹೋದ್ರೆ ನಿಲ್ಲಲ್ಲ. ಜಮಖಾನೆ ನೇಯೋ ಹೆಣ್ಣುಮಕ್ಕಳನ್ನ ನೋಡಿ ಈಕೆ ಅರ್ಧ ದಿನ ಅಲ್ಲೇ ಕೂತಳು. ಮಗ್ಗವನ್ನ ನಿಲ್ಲಿಸಿ ಕಟ್ಟಿರ್ತಾರೆ, ಕೆಳಗೆ ಕೂತು ಕೈಯಲ್ಲೇ ಒಂದೊಂದು ಎಳೆ ಕೂಡಿಸಿ ನವಿಲು, ಪಗಡೆ ಹಾಸು ಮೂಡಿಸ್ತಾರೆ. ನಾನು ಆ ಹೊತ್ತಿನಲ್ಲಿ 1980ರ ಜುಲೈ 21ರ ರೈತ ಬಂಡಾಯದ ಹುತಾತ್ಮರ ಸ್ಮಾರಕದ ಹತ್ತಿರ ಹೋಗಿ ಬಂದೆ. ಮಲಪ್ರಭಾ ಕಾಲುವೆ ನೀರು ಬರೋ ಮೊದಲೇ ನೀರಿನ ಕರ ಬಂತು ಅಂತ ಎದ್ದ ರೈತರ ಮೇಲೆ ಗೋಲಿಬಾರ್ ಆದ ಊರು. ಮಾಯಾ ರಾಜರ ಯುದ್ಧಗಳ ಇಸವಿ ಬಾಯಿಪಾಠ ಹೇಳೋ ನಮ್ಮ ಟೀಮಿನವರಿಗೆ ಇದು ಗೊತ್ತಿಲ್ಲ. ಹೇಳೋರು ಯಾರಿದ್ದಾರೆ? ಮಧ್ಯಾಹ್ನ ಬಂದು ಸಂಜೆ ಹೋಗೋನಿಗೆ ಯಾರೂ ಇಂಥದ್ದೆಲ್ಲ ಹೇಳಲ್ಲ. ರಾತ್ರಿ ಊಟ ಆದಮೇಲೆ ಕಟ್ಟೆ ಮೇಲೆ ಕೂತಾಗ ಬರೋ ಮಾತುಗಳು ಇವು.

*

ನಾಲ್ಕನೇ ದಿನ ಕಲಘಟಗಿ ಬಸ್ಸು. ಇಲ್ಲಿಂದ ನೆಲದ ಬಣ್ಣ ಬದಲಾಗ್ತದೆ. ಕರಿ ಮಣ್ಣು ಕೆಂಪಾಗ್ತದೆ, ಕಡಲೆ, ಬಿಳಿಜೋಳ ಹೋಗಿ ಭತ್ತ ಬರ್ತದೆ, ಆಮೇಲೆ ಸಾಗವಾನಿ. ಕಲಘಟಗಿ ತೊಟ್ಟಿಲು ಗೊತ್ತಲ್ಲ ನಿಮಗೆ? ಮರದ ಮೇಲೆ ಬಣ್ಣದ ಚಿತ್ರ ಬರೆದದ್ದು. ತೊಟ್ಟಿಲು ಅಂದ ಕೂಡಲೇ ಬಸ್ಸಿನಲ್ಲಿದ್ದ ಅಜ್ಜಿ ಈಕೆಗೆ "ಇನ್ನೂ ಆಗಿಲ್ಲೇನವಾ ತಂಗಿ?" ಅಂತ ಕೇಳಿದ್ದು, ಈಕೆ ಕಿಟಕಿ ಕಡೆ ತಿರುಗಿದ್ದು ಬೇರೆ ಕತೆ :)

ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಗೋಕರ್ಣ. ಬೆಳಿಗ್ಗೆ ಯರಿ ನಾಡಿನಲ್ಲಿದ್ದವರು ರಾತ್ರಿ ಎಂಟಕ್ಕೆ ಸಮುದ್ರದ ಸದ್ದು ಕೇಳ್ತಿದ್ವಿ. ಒಂದೇ ಹಗಲಿನಲ್ಲಿ ಬಯಲು, ಕಾಡು, ಘಟ್ಟ, ಕಡಲು! ಮಧ್ಯ ಅಮೆರಿಕದ ಜೋಡಿಗಳು ಗುಡಿಯಿಂದ ದಂಡೆಗೆ ಹೋಗೋಕೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಗಡಿ ದಾಟ್ತಾರೆ. ನಮಗೆ ಒಂದು ಜಿಲ್ಲೆ ದಾಟಿದ್ರೆ ಸಾಕು.

ಗೋಕರ್ಣದಲ್ಲಿ ರಾತ್ರಿ ಎಂಟೂವರೆಗೆ ಬಾಗಿಲು ತಟ್ಟಿದ ಮೂರನೇ ಮನೆಯಲ್ಲಿ ಕೋಣೆ ಸಿಕ್ತು. ಆಧಾರ್ ಕಾರ್ಡ್ ನೋಡಿದ್ರು, ಹೆಸರು ಬರ್ಕೊಂಡ್ರು, ಬೀಗದ ಕೈ ಕೊಟ್ರು. ಹರಕೆ ಕೇಳಲಿಲ್ಲ, ಮದುವೆ ಫೋಟೋ ಕೇಳಲಿಲ್ಲ. (ಮದುವೆ ಫೋಟೋ ಕೇಳಿದ ಲಾಡ್ಜೂ ಒಂದಿದೆ, ಬೇರೆ ಸಲ, ಬೇರೆ ಊರಿನಲ್ಲಿ. ಈಕೆ ಫೋನಿನಲ್ಲಿ ಆರತಕ್ಷತೆಯ ವಿಡಿಯೋ ಪೂರ್ತಿ ತೋರಿಸಿದಳು, ಅವರಿಗೇ ಸಾಕಾಯ್ತು.)

ವಾಪಸು ಬಂದಮೇಲೆ ಸುಮ್ಮನೆ ಖರ್ಚಿನ ಲೆಕ್ಕ ಹಾಕಿದೆ. ಗೋಕರ್ಣದಲ್ಲಿ ಎರಡು ರಾತ್ರಿಗೆ ಕೋಣೆ, ಊಟ ಸೇರಿ 4,300 ರೂಪಾಯಿ. ಅಣ್ಣಿಗೇರಿಯಲ್ಲಿ ನಾವು ಖರ್ಚು ಮಾಡಿದ್ದು 110 ರೂಪಾಯಿ. ಕುಂದಗೋಳದಲ್ಲಿ 140. ಜಮಖಾನೆ ಬಿಟ್ರೆ ನವಲಗುಂದದಲ್ಲೂ ಅಷ್ಟೇ. ಗೋಕರ್ಣದವರಿಗೆ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚಿಲ್ಲ, ಅವರು ಬಾಗಿಲು ತೆರೆದಿಟ್ಟಿದ್ರು, ನಾವು ಒಳಗೆ ಹೋದ್ವಿ. ಆದರೆ ನಮ್ಮ ಕಡೆಯ ಮಂದಿ ಚಹಾಕ್ಕೆ ದುಡ್ಡು ತಗೊಳ್ಳೋಕೂ ಹಿಂದೆಮುಂದೆ ನೋಡಿದ್ರು. ಪ್ರೀತಿಗೆ ಬರವಿಲ್ಲ, ಆದರೆ ಆ ಪ್ರೀತಿ ಸಂಜೆ ಆರಕ್ಕೆ "ಹುಬ್ಬಳ್ಳಿಗೆ ಹೋಗಿಬಿಡ್ರಿ" ಅಂತದೆ.

*

ಇದಕ್ಕೆ ಮೊದಲು ಕೇಳಿಬರೋ ಆಕ್ಷೇಪ: "ಈ ಚೀಲ ಹಾಕ್ಕೊಂಡು ತಿರುಗೋದೆಲ್ಲ ಬಿಳಿಯರ ಚಾಳಿ, ನಮ್ಮ ಮಂದಿಗೆ ಒಗ್ಗಲ್ಲ." ನಮ್ಮ ಅಪ್ಪನೂ ಹೀಗೇ ಹೇಳಿದ್ರು. ನಾನು ಕೇಳಿದೆ, ಹಾಗಾದ್ರೆ ಭಾರತ ಹುಣ್ಣಿಮೆಗೆ ಉಳವಿಗೆ ಹೋಗೋದೇನು?

ಗೊತ್ತಿಲ್ಲದವರಿಗೆ ಹೇಳ್ತೀನಿ. ಪ್ರತಿ ವರ್ಷ ಉಳವಿ ಚನ್ನಬಸವೇಶ್ವರ ಜಾತ್ರೆಗೆ ನಮ್ಮ ಕಡೆ ಹಳ್ಳಿಗಳಿಂದ ಎತ್ತಿನ ಚಕ್ಕಡಿ ಕಟ್ಟಿಕೊಂಡು ಜೋಯಿಡಾದ ಕಾಡಿಗೆ ಹೋಗ್ತಾರೆ. ದಿನಗಟ್ಟಲೆ ದಾರಿ. ಗಂಡ, ಹೆಂಡತಿ, ಮಕ್ಕಳು, ಮುದುಕರು. ಚಕ್ಕಡಿಯಲ್ಲಿ ರೊಟ್ಟಿ ಗಂಟು, ಹಿಂಡಿ ಡಬ್ಬಿ, ಎತ್ತಿಗೆ ಮೇವು. ರಾತ್ರಿ ಆದಲ್ಲಿ ಬೀಡು, ಮೂರು ಕಲ್ಲಿನ ಒಲೆ. ಇದಕ್ಕಿಂತ ಬ್ಯಾಕ್‌ಪ್ಯಾಕಿಂಗ್ ಇನ್ನೇನು ಬೇಕು? ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡ್ಕೊಂಡು ಹೋಗೋರು, ಬೆಣ್ಣಿಹಳ್ಳದ ದಂಡೆಯ ಯಮನೂರಿನ ಚಾಂಗದೇವರ ಜಾತ್ರೆಗೆ ಬರೋ ಹಿಂದೂ ಮುಸ್ಲಿಂ ಇಬ್ಬರೂ, ಹೋಳಿಗೆ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತು ಬರೋರು... ನಮ್ಮ ಜನ ಯಾವತ್ತು ಮನೆಯಲ್ಲಿ ಕೂತಿದ್ರು? ಈಗ ಶಕ್ತಿ ಬಸ್ಸು ಬಂದಮೇಲಂತೂ ಓಣಿಯ ಹೆಣ್ಣುಮಕ್ಕಳೇ ಗುಂಪು ಕಟ್ಟಿಕೊಂಡು ಗುಡಿ ಗುಡಿ ತಿರುಗ್ತಾರೆ. ಒಂದು ಕಾಲಕ್ಕೆ ಗಂಡನ ಹತ್ತಿರ ಟಿಕೆಟ್ಟಿನ ದುಡ್ಡು ಕೇಳಿ, ಸಿಗದೆ ಸುಮ್ಮನಾಗ್ತಿದ್ದ ಹೆಂಗಸರು.

ಹಾಗಾಗಿ ತಿರುಗೋದು ನಮಗೆ ಹೊಸದಲ್ಲ. ಹೊಸದು ಇಷ್ಟೇ, ಕಾರಣ ಇಲ್ಲದೆ ತಿರುಗೋದು. ಹೊರಗೆ ಕಾಲಿಡೋಕೆ ದೇವರ ಚೀಟಿ ಬೇಕು. ಗಂಡಸಾದ್ರೆ ವ್ಯಾಪಾರದ ಚೀಟಿಯೂ ನಡೀತದೆ. ಹೊಸದಾಗಿ ಮದುವೆಯಾದ ಇಬ್ಬರು ಸುಮ್ಮನೆ ಒಂದು ಹಳೇ ಗುಡಿ ಕಟ್ಟೆ ಮೇಲೆ ಸಂಜೆ ತನಕ ಕೂತ್ಕೋತೀವಿ ಅಂದ್ರೆ ಅದಕ್ಕೆ ನಮ್ಮೂರಿನಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ್ದಕ್ಕೆ ಕೋಣೆಯೂ ಇಲ್ಲ.

ಎರಡನೇ ಆಕ್ಷೇಪ ದೊಡ್ಡದು. "ಮಂದಿ ಬಂದ್ರೆ ಊರು ಹಾಳಾಗ್ತದೆ. ಗೋಕರ್ಣ ನೋಡು, ಹಂಪಿ ನೋಡು." ಒಪ್ತೀನಿ. ಹಂಪಿಯ ಎದುರಿನ ವಿರುಪಾಪುರ ಗಡ್ಡೆಯಲ್ಲಿ ಅಕ್ರಮ ರೆಸಾರ್ಟು ಕಟ್ಟಿದ್ರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ಜೆಸಿಬಿ ಬಂತು. ಇದರಿಂದ ನಾನು ಕಲಿಯೋ ಪಾಠ ಬೇರೆ. ಬಯಲಿನಲ್ಲಿ ಹೊಸ ರೆಸಾರ್ಟು ಬೇಡವೇ ಬೇಡ. ಇರೋ ಮನೆಯಲ್ಲಿ ಇರೋ ಕೋಣೆ ಸಾಕು. ಒಂದು ಊರಿಗೆ ಐದು ಕೋಣೆ ಅಂದ್ರೆ ಹತ್ತು ಜನ. ಹತ್ತು ಜನರಿಂದ ಅಣ್ಣಿಗೇರಿ ಹಾಳಾಗೋ ಹಾಗಿದ್ರೆ ಅದು ಸಾವಿರ ವರ್ಷ ಬಾಳ್ತಿರಲಿಲ್ಲ.

ಮೂರನೆಯದು ಅವ್ವನ ಆಕ್ಷೇಪ, ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. 2025ರ ಮಾರ್ಚಿನಲ್ಲಿ ಹಂಪಿ ಹತ್ತಿರದ ಸಾಣಾಪುರದಲ್ಲಿ ರಾತ್ರಿ ಕಾಲುವೆ ದಂಡೆಯಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ ಹಲ್ಲೆ ಆಯ್ತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಆಯ್ತು, ಒಬ್ಬ ಹುಡುಗ ನೀರಿನಲ್ಲಿ ಸತ್ತ. ಆ ಇಬ್ಬರಲ್ಲಿ ಒಬ್ಬಾಕೆ ಅದೇ ಊರಿನ ಹೋಂಸ್ಟೇ ನಡೆಸೋಾಕೆ. ಟಿವಿಯಲ್ಲಿ ನೋಡಿದ ಅವ್ವ "ಇದಕ್ಕ ನಾ ಬ್ಯಾಡ ಅನ್ನೂದು" ಅಂದಳು. ಹೆದರಿಕೆ ಸುಳ್ಳಲ್ಲ. ಈಕೆ ಮಾತ್ರ ಒಂದು ಮಾತು ಹೇಳಿದಳು, "ಅತ್ತೆ, ಬಸ್ಸಿನಲ್ಲಿ, ಆಫೀಸ್ ಕ್ಯಾಬಿನಲ್ಲಿ ಹೆದರಿಕೆ ಇಲ್ವಾ? ಅಲ್ಲಿಗೆ ಹೋಗಬೇಡ ಅನ್ನಲ್ಲ ನೀವು." ನನಗನ್ನಿಸೋದು, ಓಣಿಯ ಮಧ್ಯದ ಮನೆ, ಮನೆಯಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು, ಪಕ್ಕದ ಮನೆಯವರಿಗೆ ಗೊತ್ತಿರೋ ಅತಿಥಿ, ಇದಕ್ಕಿಂತ ಭದ್ರವಾದ ಜಾಗ ಹೈವೇ ಲಾಡ್ಜು ಅಂತೂ ಅಲ್ಲ.

*

ಈಗ ನಮ್ಮ ಮನೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಬರೀ ಉಪದೇಶ ಮಾಡಿ ಹೋಗೋದು ಸರಿಯಲ್ಲ.

ನಮ್ಮ ಹಳ್ಳಿ ಮನೆಗೆ ಬೀಗ ಬಿದ್ದು ನಾಲ್ಕು ವರ್ಷ ಆಯ್ತು. ಅಪ್ಪ ಅವ್ವ ಹುಬ್ಬಳ್ಳಿಯಲ್ಲಿ ಅಣ್ಣನ ಹತ್ತಿರ ಇದ್ದಾರೆ, ನಾನು ಬೆಂಗಳೂರು. ಮಣ್ಣಿನ ಗೋಡೆ, ಮೇಲ್ಮುದ್ದಿ, ದೊಡ್ಡ ಪಡಸಾಲೆ, ಬೆಳಕಿಂಡಿ, ಕೆಳಗೆ ಕಾಳು ತುಂಬೋ ಹಗೇವು. ಬೇಸಿಗೆಯಲ್ಲಿ ಫ್ಯಾನು ಬೇಕಾಗದ ತಂಪು. ಹೋದ ಮಳೆಗಾಲದಲ್ಲಿ ದನ ಕಟ್ಟೋ ಕಡೆ ಗೋಡೆ ಸ್ವಲ್ಪ ಜರಿದಿದೆ. ಕಾಕಾ ಮಾರಿಬಿಡೋಣ ಅಂತಾರೆ. ನಮ್ಮ ಓಣಿಯೊಂದರಲ್ಲೇ ಹೀಗೆ ಬೀಗ ಹಾಕಿದ ಮನೆ ಆರು. ನಿಮ್ಮ ಊರಿನಲ್ಲೂ ಎಣಿಸಿ ನೋಡಿ.

ಎಲ್ ಸಾಲ್ವಡಾರ್‌ನಲ್ಲಿ ಹೋಯಾ ದೆ ಸೆರೆನ್ ಅಂತ ಒಂದು ಜಾಗ ಇದೆ. ಅಲ್ಲಿ ಅರಮನೆ ಇಲ್ಲ, ಪಿರಮಿಡ್ಡಿಲ್ಲ. ಸುಮಾರು 600ನೇ ಇಸವಿಯಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಒಂದು ರೈತರ ಹಳ್ಳಿ. ಅಡುಗೆಮನೆ, ಗಡಿಗೆಯಲ್ಲಿ ಕಾಳು, ಹೊಲದ ಸಾಲು, ಎಲ್ಲ ಹಾಗೇ ಉಳಿದಿದೆ. 1976ರಲ್ಲಿ ಬುಲ್ಡೋಜರ್ ನೆಲ ಸಮ ಮಾಡುವಾಗ ಸಿಕ್ಕಿದ್ದು, 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮಣ್ಣಿನ ಗೋಡೆಯ ರೈತನ ಮನೆ ಹೇಗಿತ್ತು ಅಂತ ನೋಡೋಕೆ ಜಗತ್ತಿನ ಮೂಲೆ ಮೂಲೆಯಿಂದ ಜನ ಹೋಗ್ತಾರೆ. ನಮ್ಮವು ಇನ್ನೂ ನಿಂತಿವೆ. ಬೂದಿ ಬೀಳಬೇಕಾಗಿಲ್ಲ, ಇನ್ನು ಹತ್ತು ಮಳೆಗಾಲ ಸಾಕು.

ಅದಕ್ಕೆ ನಾವಿಬ್ಬರೂ ಮನೆಯಲ್ಲಿ ಒಂದು ಪ್ರಸ್ತಾಪ ಇಟ್ಟಿದ್ದೀವಿ. ಪಡಸಾಲೆ ಪಕ್ಕದ ಎರಡು ಕೋಣೆ ರಿಪೇರಿ ಮಾಡೋದು, ಹಿತ್ತಲಲ್ಲಿ ಒಳ್ಳೇ ಬಾತ್‌ರೂಮು ಕಟ್ಟೋದು, ಎದುರು ಮನೆಯ ಅತ್ತೆ ಅಡುಗೆ ನೋಡಿಕೊಳ್ಳೋದು. ಅವರು ಗಂಡ ಹೋದಮೇಲೆ ರೊಟ್ಟಿ ಮಾಡಿ ನವಲಗುಂದಕ್ಕೆ ಕೊಟ್ಟು ಜೀವನ ಮಾಡ್ತಿದ್ದಾರೆ. ಕೋಣೆಯ ದುಡ್ಡಿನಲ್ಲಿ ಅರ್ಧ ಅವರಿಗೆ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಮನಿ ಅಂದ್ರ ಖಾನಾವಳಿ ಏನೋ ತಮ್ಮಾ?"

ನಾನಂದೆ, "ಹೌದಪ್ಪಾ, ಯಾಕಾಗಬಾರದು?" ನಮ್ಮ ಧಾರವಾಡ ಸೀಮೆಗೆ ಖಾನಾವಳಿ ಹೊಸದಾ? ಗುರುತಿಲ್ಲದ ಮಂದಿಯನ್ನ ಮನೆ ಪಡಸಾಲೆಯಲ್ಲಿ ಕೂರಿಸಿ, ಬಿಸಿ ರೊಟ್ಟಿ ಬಡಿಸಿ, ದುಡ್ಡು ತಗೊಂಡು, "ಇನ್ನೊಂದ್ ಹಾಕಿಸ್ಕೋರಿ" ಅಂತ ಜುಲುಮೆ ಮಾಡಿದ ಹೆಣ್ಣುಮಕ್ಕಳು ಎಷ್ಟು ಜನ. ಓದೋಕೆ ಹುಬ್ಬಳ್ಳಿ-ಧಾರವಾಡಕ್ಕೆ ಬಂದ ಹಳ್ಳಿ ಹುಡುಗರು ಅವರ ಕೈ ರೊಟ್ಟಿ ತಿಂದೇ ಸಾಹೇಬರಾದ್ರು. ರೊಟ್ಟಿ ಮಾರೋದು ಒಂದು ಕಾಲಕ್ಕೆ ಮಾನಕ್ಕೆ ಕಡಿಮೆ ಅಂತಿದ್ರು, ಈಗ ಅಂಗಡಿ ಅಂಗಡಿಯಲ್ಲಿ ಕಟ್ಟು ಕಟ್ಟಿ ಇಟ್ಟಿರ್ತಾರೆ. ಊಟಕ್ಕೆ ದುಡ್ಡು ತಗೊಂಡ್ರೆ ಹೋಗದ ಮಾನ, ಹಾಸಿಗೆಗೆ ತಗೊಂಡ್ರೆ ಹೇಗೆ ಹೋಗ್ತದೆ?

ಸರ್ಕಾರದಿಂದ ನಾನು ಕೇಳೋದು ಬಹಳ ಇಲ್ಲ. ಗುಡಿ ಹತ್ತಿರ ಹೆಣ್ಣುಮಕ್ಕಳು ಹೋಗಬಹುದಾದ ಶೌಚಾಲಯ, ಅದಕ್ಕೆ ನೀರು, ಕನ್ನಡದಲ್ಲಿ ನೆಟ್ಟಗೆ ಬರೆದ ಒಂದು ಬೋರ್ಡು. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ಸಾಲಾಗಿ ಜೋಡಿಸಿಟ್ಟ ನೂರಾರು ತಲೆಬುರುಡೆ ಸಿಕ್ಕಿದ್ವು, ದೇಶದ ಪೇಪರ್‌ಗಳಲ್ಲೆಲ್ಲ ಬಂತು. ಹೊರಗಿನಿಂದ ಬಂದೋನಿಗೆ ಆ ಕತೆಯನ್ನ ನಿಂತು ಹೇಳೋ ಒಬ್ಬ ಹುಡುಗ ಬೇಕು. ಅಂಥ ಹುಡುಗರು ಊರಿನಲ್ಲಿದ್ದಾರೆ, ಡಿಗ್ರಿ ಮುಗಿಸಿ ಬೆಂಗಳೂರಿಗೆ ಬರೋ ಬಸ್ಸು ಕಾಯ್ತಾ ಕೂ

ತಿದ್ದಾರೆ.

ನಮ್ಮಿಂದ, ಅಂದ್ರೆ ಸಂಬಳ ತಗೊಳ್ಳೋ ನನ್ನಂಥ ನಿಮ್ಮಂಥವರಿಂದ, ಕೇಳೋದು ಇನ್ನೂ ಸಣ್ಣದು. ಮುಂದಿನ ಸಲ ಊರ ಕಡೆ ಹೋದಾಗ ಕಾರಿನಲ್ಲಿ ನಾಲ್ಕು ಗುಡಿಗೆ ಸುತ್ತು ಹಾಕಿ ಬರಬೇಡಿ. ಒಂದೇ ಊರಿಗೆ ಹೋಗಿ. ಅಲ್ಲಿ ನಿಮ್ಮ ಗೆಳೆಯನ ಸೋದರಮಾವನ ಮನೆ ಇದ್ರೂ ಸರಿ, ರಾತ್ರಿ ಉಳೀರಿ. ಉಳಿದದ್ದಕ್ಕೆ ದುಡ್ಡು ಕೊಡಿ, ಜುಲುಮೆ ಮಾಡಿ ಕೊಡಿ. ಒಬ್ಬರಿಗೆ ಒಂದು ಸಲ ದುಡ್ಡು ಸಿಕ್ಕರೆ ಎರಡನೇ ಸಲ ಅವರೇ ಕೋಣೆಗೆ ಸುಣ್ಣ ಹಚ್ಚಿಸ್ತಾರೆ.

ಅಪ್ಪ ಇನ್ನೂ ಹೂಂ ಅಂದಿಲ್ಲ. ಆದರೆ ಹೋದ ವಾರ ಫೋನಿನಲ್ಲಿ, ಬೇರೇನೋ ಮಾತಾಡ್ತಾ, "ಆ ಜರದ ಗ್ವಾಡಿ ಕಟ್ಟಸಾಕ ಎಷ್ಟು ಆಗಬಹುದು, ಗೌಂಡಿನ ಕೇಳೇನಿ" ಅಂದ್ರು. ನಾನೂ ಏನೂ ಗೊತ್ತಿಲ್ಲದವನ ಹಾಗೆ "ಕೇಳಪ್ಪಾ" ಅಂದೆ.

ನಿಮ್ಮೂರಿನಲ್ಲಿ ಇಂಥ ಬೀಗ ಹಾಕಿದ ಮನೆ ಇದ್ರೆ, ಅಥವಾ ಯಾರಾದ್ರೂ ಆಗಲೇ ಬಾಗಿಲು ತೆರೆದಿದ್ರೆ, ಬರೀರಿ. ನಾವು ಬರ್ತೀವಿ. ಎರಡೇ ಚೀಲ, ರೊಟ್ಟಿ ನಮ್ಮ ಹತ್ತಿರ ಇರ್ತಾವೆ :)